ಮೈಸೂರಿನಿಂದ ಪಾಲು ಮಾಲೀಕತ್ವದ ವಿಮಾನ ಕಂಪನಿ: ಯಾವ ವಿಮಾನ ಕೊಳ್ಳಬೇಕು, ಎಷ್ಟು ಕೊಳ್ಳಬೇಕು?

ವಿಮಾನ ಕಂಪನಿ ಮಾಡೋಣ ಅಂತ ನಾಲ್ಕು ಜನ ದುಡ್ಡಿರುವವರು ಒಟ್ಟಿಗೆ ಕೂತರೆ ಹತ್ತು ನಿಮಿಷದೊಳಗೆ ಮಾತು ಜೆಟ್‌ನ ಸೀಟಿನ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಬಣ್ಣ ಆಮೇಲೆ ನೋಡೋಣ. ಮೈಸೂರು, ಮಂಡ್ಯ, ನಂಜನಗೂಡು ಕಡೆಯ ಉದ್ಯಮಿಗಳನ್ನು ಸೇರಿಸಿಕೊಂಡು ಪಾಲು ಮಾಲೀಕತ್ವದ ಕಂಪನಿ ಕಟ್ಟಬೇಕು ಅನ್ನುವವರು ವಿಮಾನವನ್ನು ಯಾವ ಕ್ರಮದಲ್ಲಿ ಆರಿಸಬೇಕು ಅನ್ನುವುದಷ್ಟೇ ಈ ಬರಹದ ವಿಷಯ.

ವ್ಯವಸ್ಥೆ ಸರಳ. ಒಂದು ವಿಮಾನವನ್ನು 16 ಪಾಲು ಮಾಡುತ್ತಾರೆ. ಒಂದು ಪಾಲು ಕೊಂಡವರಿಗೆ ವರ್ಷಕ್ಕೆ 50 ಗಂಟೆ ಹಾರಾಟ ಸಿಗುತ್ತದೆ, ಎರಡು ಪಾಲಿಗೆ 100 ಗಂಟೆ. ಪಾಲಿನ ಬೆಲೆ ಒಂದು ಸಲ ಕೊಡಬೇಕು. ತಿಂಗಳ ನಿರ್ವಹಣಾ ಶುಲ್ಕ ಬೇರೆ, ಹಾರಿದ ಗಂಟೆಗೆ ಬೇರೆ. ಸಾಮಾನ್ಯವಾಗಿ 5 ವರ್ಷದ ಕರಾರು. ಮುಗಿದ ಮೇಲೆ ಅವತ್ತಿನ ಮಾರುಕಟ್ಟೆ ಬೆಲೆಗೆ ಕಂಪನಿಯೇ ಪಾಲನ್ನು ವಾಪಸ್ ಕೊಳ್ಳುತ್ತದೆ. ಇದನ್ನು ಮೊದಲು ದೊಡ್ಡದಾಗಿ ಮಾಡಿ ತೋರಿಸಿದ್ದು ಅಮೆರಿಕದ ನೆಟ್‌ಜೆಟ್ಸ್, 1986ರಲ್ಲಿ. ಅದರ ಹಿಂದಿದ್ದ ರಿಚರ್ಡ್ ಸಾಂಟುಲಿ ಗಣಿತ ಓದಿದ್ದವರು. ಈ ವ್ಯವಹಾರ ನಿಂತಿರುವುದೇ ಲೆಕ್ಕದ ಮೇಲೆ, ಹಾಗಾಗಿ ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

ಪಾಲುದಾರರು ನಿಜವಾಗಿ ಕೊಳ್ಳುವುದು ವಿಮಾನವನ್ನಲ್ಲ, ಒಂದು ಮಾತನ್ನು. "ಇಷ್ಟು ಗಂಟೆ ಮುಂಚೆ ಫೋನ್ ಮಾಡಿ, ವಿಮಾನ ಬಂದು ನಿಂತಿರುತ್ತದೆ" ಅನ್ನುವ ಮಾತು. ಅವರ ಪಾಲಿನ ವಿಮಾನ ಷೆಡ್‌ನಲ್ಲಿದ್ದರೂ, ಸೂರತ್‌ನಲ್ಲಿ ನಿಂತಿದ್ದರೂ, ಅಂಥದ್ದೇ ಇನ್ನೊಂದು ಬರಬೇಕು. "ಅಂಥದ್ದೇ" ಅಂದರೆ ಅದೇ ಮಾದರಿ. ಆದ್ದರಿಂದ ಈ ವ್ಯವಹಾರದಲ್ಲಿ ಒಳ್ಳೆಯ ವಿಮಾನಗಳ ಸಂಗ್ರಹ ಬೇಕಿಲ್ಲ. ನಮ್ಮ ಊರಿನ ರನ್‌ವೇಗೆ ಹೊಂದುವ ಒಂದೇ ಮಾದರಿಯ ಹಲವು ವಿಮಾನಗಳು ಬೇಕು.

ಹೆಜ್ಜೆ 1: ಮೊದಲು ಪ್ರಯಾಣದ ಪಟ್ಟಿ

ವಿಮಾನ ಮಾರುವವರನ್ನು ಕರೆಯುವ ಮುಂಚೆ, ಪಾಲು ಕೊಳ್ಳುವ ಆಸಕ್ತಿ ಇರುವ ಒಬ್ಬೊಬ್ಬರಿಂದಲೂ ಹಿಂದಿನ ವರ್ಷದ ಪ್ರಯಾಣದ ಪಟ್ಟಿ ತರಿಸಿಕೊಳ್ಳಿ. ಎಲ್ಲಿಗೆ, ಯಾವ ದಿನ, ಎಷ್ಟು ಜನ, ಅವತ್ತೇ ವಾಪಸ್ಸಾ ಇಲ್ಲ ಉಳಿದುಕೊಂಡರಾ, ಲಗೇಜು ಎಷ್ಟು. "ನಾನು ದುಬೈಗೆ ಜಾಸ್ತಿ ಹೋಗ್ತೀನಿ" ಅನ್ನುವ ಬಾಯಿಮಾತು ಬೇಡ, ಟಿಕೆಟ್ ನೋಡಿ. ವರ್ಷಕ್ಕೆ ಒಂದು ಸಲ ಹೋದ ದುಬೈ ಮನಸ್ಸಿನಲ್ಲಿ ಉಳಿದಿರುತ್ತದೆ. ತಿಂಗಳಿಗೆ ಎರಡು ಸಲ ಹೋದ ಹೈದರಾಬಾದ್ ಮರೆತೇ ಹೋಗಿರುತ್ತದೆ.

ಮೈಸೂರಿನ ವಿಮಾನ ನಿಲ್ದಾಣ ಇರುವ ಮಂಡಕಳ್ಳಿಯಿಂದ ನೇರ ದೂರ ಹೀಗಿದೆ. ಚೆನ್ನೈ ಸುಮಾರು 390 ಕಿ.ಮೀ., ಹೈದರಾಬಾದ್ 590, ಮುಂಬೈ 860. ರೇಷ್ಮೆ, ಜರಿ ವ್ಯವಹಾರದವರ ಸೂರತ್ 1,070. ದೆಹಲಿ 1,800ರ ಹತ್ತಿರ. ದುಬೈ 2,660, ಸಿಂಗಪುರ 3,250. ಬೆಂಗಳೂರನ್ನು ಪಟ್ಟಿಯಿಂದ ತೆಗೆದುಬಿಡಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮಂಡ್ಯದವರು ವಿಮಾನ ಹತ್ತಲು ಮೈಸೂರಿಗೆ ಬರುವ ಹೊತ್ತಿಗೆ ಕಾರಿನಲ್ಲಿ ಕೆಂಗೇರಿ ಮುಟ್ಟಿರುತ್ತಾರೆ.

ಹೀಗೆ ಬರೆದರೆ ಬಹುಪಾಲು ಪ್ರಯಾಣಗಳು 1,100 ಕಿ.ಮೀ. ಒಳಗೆ, ಮೂರು–ನಾಲ್ಕು ಜನ, ಬೆಳಿಗ್ಗೆ ಹೋಗಿ ಸಂಜೆ ಬರುವಂಥವು ಅಂತ ಕಾಣುತ್ತವೆ. ವಿದೇಶದ ಪ್ರಯಾಣಕ್ಕೆ ಇನ್ನೊಂದು ತೊಡಕೂ ಇದೆ. ಮೈಸೂರಿನಲ್ಲಿ ಕಸ್ಟಮ್ಸ್, ಇಮಿಗ್ರೇಶನ್ ಇಲ್ಲ. ದುಬೈಗೆ ಹೋಗಬೇಕಾದರೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇಳಿದು ಹತ್ತಬೇಕು. ಅಷ್ಟು ಮಾಡುವವರು ಅಲ್ಲಿಂದಲೇ ದೊಡ್ಡ ಜೆಟ್ ಬಾಡಿಗೆಗೆ ತೆಗೆದುಕೊಳ್ಳುವುದು ಅಗ್ಗ.

ಹೆಜ್ಜೆ 2: ರನ್‌ವೇ ಒಪ್ಪುತ್ತದಾ?

ಮುಕ್ಕಾಲು ಪಾಲು ಆಯ್ಕೆ ಇಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೈಸೂರಿನ ರನ್‌ವೇ 1,740 ಮೀಟರ್ ಉದ್ದ, 30 ಮೀಟರ್ ಅಗಲ. ಎಟಿಆರ್ 72ರಂಥ ವಿಮಾನ ಅಲ್ಲಿ ಆರಾಮಾಗಿ ಇಳಿಯುತ್ತದೆ. ರನ್‌ವೇ ಉದ್ದ ಮಾಡುವ ಮಾತು ಬಹಳ ವರ್ಷಗಳಿಂದ ಇದೆ. ಪಕ್ಕದಲ್ಲಿ ನಂಜನಗೂಡು ಹೆದ್ದಾರಿ ಇದೆ, ಭೂಸ್ವಾಧೀನ ಇದೆ. ಆಗಲಿ, ಸಂತೋಷ. ಆದರೆ ನೀವು ದುಡ್ಡು ಹಾಕುವುದು ಇವತ್ತಿನ 1,740 ಮೀಟರ್ ನೋಡಿ. ನಾಳೆ ಆಗುವ ರನ್‌ವೇ ನಂಬಿ ಇವತ್ತು ವಿಮಾನ ಕೊಳ್ಳಬೇಡಿ.

ವಿಮಾನದ ಕರಪತ್ರದಲ್ಲಿ "ಟೇಕಾಫ್‌ಗೆ 1,091 ಮೀಟರ್ ಸಾಕು" ಅಂತ ಇರುತ್ತದೆ. ಅದು ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಬಿಸಿಯಲ್ಲಿ, ಒಣ ರನ್‌ವೇಯಲ್ಲಿ ಹಾಕಿದ ಲೆಕ್ಕ. ಮೈಸೂರು ಸಮುದ್ರ ಮಟ್ಟದಲ್ಲೂ ಇಲ್ಲ, ಏಪ್ರಿಲ್‌ನಲ್ಲಿ 15 ಡಿಗ್ರಿಯೂ ಇರುವುದಿಲ್ಲ. ಲೆಕ್ಕ ಮಾಡಿ ನೋಡೋಣ. ನಿಲ್ದಾಣ ಸುಮಾರು 2,350 ಅಡಿ ಎತ್ತರದಲ್ಲಿದೆ. ಸಾವಿರ ಅಡಿಗೆ 2 ಡಿಗ್ರಿಯಂತೆ ಕಳೆದರೆ, ಅಷ್ಟು ಎತ್ತರದ ಗಾಳಿಯ ಪ್ರಮಾಣಿತ ಬಿಸಿ ಸುಮಾರು 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದೆ ಅಂದರೆ 25 ಡಿಗ್ರಿ ಜಾಸ್ತಿ. ಒಂದೊಂದು ಡಿಗ್ರಿಗೂ 120 ಅಡಿ ಸೇರಿಸಬೇಕು ಅನ್ನುವುದು ಪೈಲಟ್‌ಗಳ ಬಾಯಿಲೆಕ್ಕ. ಅಲ್ಲಿಗೆ 3,000 ಅಡಿ ಸೇರಿ ಒಟ್ಟು 5,350. ಅಂದರೆ ವಿಮಾನದ ಎಂಜಿನ್ನಿಗೂ ರೆಕ್ಕೆಗೂ ಅವತ್ತು ಮಂಡಕಳ್ಳಿ 5,350 ಅಡಿ ಎತ್ತರದ ಊರು, ನಂದಿ ಬೆಟ್ಟದ ತುದಿಗಿಂತಲೂ ಎತ್ತರ. ಅಷ್ಟು ತೆಳು ಗಾಳಿಯಲ್ಲಿ ಓಟ ಉದ್ದವಾಗುತ್ತದೆ, ಏರುವ ವೇಗ ಕಡಿಮೆಯಾಗುತ್ತದೆ.

ಇಳಿಯುವ ಲೆಕ್ಕ ಇನ್ನೂ ಬಿಗಿ. ದುಡ್ಡು ತೆಗೆದುಕೊಂಡು ಪ್ರಯಾಣಿಕರನ್ನು ಒಯ್ಯುವ ಹಾರಾಟಕ್ಕೆ ಅಂತರರಾಷ್ಟ್ರೀಯವಾಗಿ ಒಪ್ಪಿರುವ ಕ್ರಮ ಹೀಗಿದೆ: ಜೆಟ್ ಆದರೆ ರನ್‌ವೇಯ 60% ಒಳಗೆ ನಿಲ್ಲಬೇಕು, ಟರ್ಬೊಪ್ರಾಪ್ (ಜೆಟ್ ಥರದ ಎಂಜಿನ್ ಪ್ರೊಪೆಲ್ಲರ್ ತಿರುಗಿಸುವ ವಿಮಾನ) ಆದರೆ 70% ಒಳಗೆ. ನೆಲ ಒದ್ದೆಯಿದ್ದರೆ ಇನ್ನೂ 15% ಉದ್ದ ಬೇಕು. 1,740ರಲ್ಲಿ 60% ಅಂದರೆ 1,044 ಮೀಟರ್. ಒದ್ದೆಯ ಲೆಕ್ಕ ಸೇರಿಸಿದರೆ ಜೆಟ್‌ಗೆ ಸಿಗುವುದು ಬರೀ 908 ಮೀಟರ್. ಟರ್ಬೊಪ್ರಾಪ್‌ಗೆ ಒಣಗಿದ್ದಾಗ 1,218, ಒದ್ದೆಯಲ್ಲಿ 1,059.

ಈಗ ಕರಪತ್ರಗಳನ್ನು ತೆಗೆಯಿರಿ. ಸೆಸ್ನಾ ಸೈಟೇಶನ್ ಸಿಜೆ4 ಒಳ್ಳೆಯ ಜೆಟ್, ಹೆಸರೂ ಇದೆ. ಪೂರ್ತಿ ತೂಕದಲ್ಲಿ ಇಳಿಯಲು ಅದಕ್ಕೆ 896 ಮೀಟರ್ ಬೇಕು ಅಂತ ಕಂಪನಿಯೇ ಹೇಳುತ್ತದೆ, ಅದೂ ಸಮುದ್ರ ಮಟ್ಟದಲ್ಲಿ. ನಮ್ಮ ಎತ್ತರ ಸೇರಿಸಿದರೆ 908 ದಾಟುತ್ತದೆ. ಅಂದರೆ ಜುಲೈ ತಿಂಗಳ ಮಳೆಯಲ್ಲಿ ಪೂರ್ತಿ ತೂಕದ ಸಿಜೆ4 ಮೈಸೂರಿಗೆ ಹೊರಡುವಂತೆಯೇ ಇಲ್ಲ. ಜನ ಕಡಿಮೆ ಮಾಡಬೇಕು ಇಲ್ಲ ಇಂಧನ ಕಡಿಮೆ ಮಾಡಬೇಕು. ಎಂಬ್ರೇಯರ್ ಫೆನಮ್ 300ಇ ಹೆಚ್ಚೂಕಡಿಮೆ ಅಷ್ಟೇ ಗಾತ್ರದ ಜೆಟ್. ಅದಕ್ಕೆ 674 ಮೀಟರ್ ಸಾಕು, ಒದ್ದೆಯಲ್ಲೂ ಒಪ್ಪುತ್ತದೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮಂಡಕಳ್ಳಿಯಲ್ಲಿ ಅಲ್ಲ.

ದೊಡ್ಡ ಜೆಟ್ ಬೇಕೇ ಬೇಕು ಅನ್ನುವವರಿಗೆ ಒಂದೇ ಅಂಕಿ ಸಾಕು. ಗಲ್ಫ್‌ಸ್ಟ್ರೀಮ್ ಜಿ650ಗೆ ಪೂರ್ತಿ ತೂಕದಲ್ಲಿ ಏರಲು ಸಮುದ್ರ ಮಟ್ಟದಲ್ಲೇ 1,786 ಮೀಟರ್ ಬೇಕು. ನಮ್ಮ ರನ್‌ವೇ ಮುಗಿದು 46 ಮೀಟರ್ ಆಚೆ.

ರನ್‌ವೇ ಜೊತೆಗೆ ನಿಲ್ದಾಣದ ಬೇರೆ ವಿವರಗಳನ್ನೂ ನೋಡಿ. ವೈಮಾನಿಕ ಮಾಹಿತಿ ಕೈಪಿಡಿಯಲ್ಲಿ ಮೈಸೂರಿನ ಪುಟ ತೆಗೆದು, ನಿಲ್ದಾಣ ತೆರೆದಿರುವ ಹೊತ್ತು, ರಾತ್ರಿ ಸೌಲಭ್ಯ, ಮೋಡ ಇದ್ದಾಗ ಇಳಿಯುವ ಕ್ರಮ, ಇಳಿಯಲು ಘೋಷಿಸಿರುವ ಉದ್ದ, ವಿಮಾನ ನಿಲ್ಲಿಸಲು ಇರುವ ಜಾಗ ಎಲ್ಲವನ್ನೂ ಬರೆದುಕೊಳ್ಳಿ. ನಾಲ್ಕು ವಿಮಾನ ಕೊಂಡು ರಾತ್ರಿ ನಿಲ್ಲಿಸಲು ಬೆಂಗಳೂರಿನ ಎಚ್‌ಎಎಲ್‌ಗೆ ಕಳಿಸುವುದಾದರೆ, ದಿನಾ ಖಾಲಿ ಹಾರಾಟದ ಖರ್ಚು ನಿಮ್ಮದೇ.

ಹೆಜ್ಜೆ 3: ಉಳಿದ ವಿಮಾನಗಳ ಪಟ್ಟಿ

ಮೇಲಿನ ಎರಡು ಹೆಜ್ಜೆ ದಾಟಿ ಬರುವ ಮಾದರಿಗಳು ಹೆಚ್ಚಿಲ್ಲ. ನನ್ನ ಲೆಕ್ಕದಲ್ಲಿ ನಾಲ್ಕು.

ಪಿಲಾಟಸ್ ಪಿಸಿ-12. ಸ್ವಿಟ್ಜರ್ಲೆಂಡ್‌ನದು. ಒಂದೇ ಎಂಜಿನ್ನಿನ ಟರ್ಬೊಪ್ರಾಪ್, ಒಳಗೆ ಆರರಿಂದ ಎಂಟು ಸೀಟು. ವೇಗ ಗಂಟೆಗೆ ಗರಿಷ್ಠ 537 ಕಿ.ಮೀ. ಏರಲು 758 ಮೀಟರ್, ಇಳಿಯಲು 661. ಹಿಂಭಾಗದಲ್ಲಿ 1.35 ಮೀಟರ್ ಅಗಲ, 1.32 ಮೀಟರ್ ಎತ್ತರದ ಸರಕಿನ ಬಾಗಿಲು ಇದೆ. ಗಂಟೆಗೆ ಸುಮಾರು 240 ಲೀಟರ್ ಇಂಧನ ಸಾಕು.

ಬೀಚ್‌ಕ್ರಾಫ್ಟ್ ಕಿಂಗ್ ಏರ್ 350 ಮತ್ತು ಅದರ ಹೊಸ ರೂಪ 360. ಎರಡು ಎಂಜಿನ್ನಿನ ಟರ್ಬೊಪ್ರಾಪ್. ವೇಗ 578 ಕಿ.ಮೀ., ಏರಲು 1,006 ಮೀಟರ್, ಇಂಧನ ಗಂಟೆಗೆ 400 ಲೀಟರ್ ಆಸುಪಾಸು. ನಮ್ಮ ದೇಶದಲ್ಲಿ ಹಲವು ರಾಜ್ಯ ಸರ್ಕಾರಗಳು ಕಿಂಗ್ ಏರ್ ಇಟ್ಟುಕೊಂಡಿವೆ. ಆದ್ದರಿಂದ ಈ ವಿಮಾನ ಗೊತ್ತಿರುವ ಪೈಲಟ್, ಎಂಜಿನಿಯರ್ ಸಿಗುತ್ತಾರೆ.

ಫೆನಮ್ 300ಇ. ಗಂಟೆಗೆ 859 ಕಿ.ಮೀ., ದೂರ 3,700 ಕಿ.ಮೀ. ಇಂಧನ ಗಂಟೆಗೆ 600 ಲೀಟರ್ ದಾಟುತ್ತದೆ.

ಪಿಲಾಟಸ್ ಪಿಸಿ-24. ಜೆಟ್ ಆದರೂ ಮಣ್ಣಿನ ರನ್‌ವೇಯಲ್ಲೂ ಇಳಿಯುವಂತೆ ಮಾಡಿದ್ದಾರೆ. ಗಂಟೆಗೆ 815 ಕಿ.ಮೀ. ಪಿಸಿ-12ರ ಹಾಗೆ ಇದಕ್ಕೂ ಹಿಂದೆ ದೊಡ್ಡ ಬಾಗಿಲು.

ಇನ್ನೂ ದೊಡ್ಡದು ಅಂದರೆ ಸೈಟೇಶನ್ ಲ್ಯಾಟಿಟ್ಯೂಡ್. ಆರಡಿ ಎತ್ತರದ ಒಳಾಂಗಣ, ನೆಲ ಸಮತಟ್ಟು, ನೇರ ನಿಂತು ನಡೆಯಬಹುದು. ಆದರೆ ಮೊದಲ ದಿನವೇ ಅದು ಯಾಕೆ ಬೇಕು ಅಂತ ನನಗೆ ಅರ್ಥವಾಗುವುದಿಲ್ಲ.

ವೇಗದ ವ್ಯತ್ಯಾಸ ಕಾಗದದಲ್ಲಿ ದೊಡ್ಡದು, ಗಡಿಯಾರದಲ್ಲಿ ಅಷ್ಟಿಲ್ಲ. ಏರುವುದು, ಇಳಿಯುವುದು, ಸರದಿಗೆ ಸುತ್ತುವುದು ಎಲ್ಲ ಸೇರಿದರೆ ಹೈದರಾಬಾದ್‌ಗೆ ಪಿಸಿ-12 ಒಂದು ಗಂಟೆ 25 ನಿಮಿಷ, ಜೆಟ್ ಸುಮಾರು ಒಂದು ಗಂಟೆ. ಮುಂಬೈಗೆ ಎರಡು ಗಂಟೆ, ಜೆಟ್‌ಗೆ ಒಂದು ಗಂಟೆ 20 ನಿಮಿಷ. ದೆಹಲಿಗೆ ಮಾತ್ರ ನಾಲ್ಕಕ್ಕೆ ಎರಡೂವರೆ. ಅಲ್ಲಿ ಜೆಟ್ ಬೇಕು ಅನ್ನಿಸುವುದು ನಿಜ. ಇಂಧನ ನೋಡಿ: ಮುಂಬೈಗೆ ಪಿಸಿ-12 ಸುಮಾರು 480 ಲೀಟರ್ ಸುಟ್ಟರೆ ಜೆಟ್ 800 ಲೀಟರ್. ಪಾಲುದಾರರು ದುಡ್ಡು ಕೊಡುವುದು ತಾವು ಕೂತ ಗಂಟೆಗೆ ಮಾತ್ರ. ಅವರನ್ನು ಇಳಿಸಿ ಖಾಲಿ ಬರುವ ಗಂಟೆಯ ಇಂಧನ ಕಂಪನಿಯ ಜೇಬಿನದು. ಖಾಲಿ ಹಾರಾಟ ಅಗ್ಗವಾಗಿರುವ ವಿಮಾನವೇ ಹೊಸ ಕಂಪನಿಯನ್ನು ಉಳಿಸುತ್ತದೆ.

ಮಂಡ್ಯದ ಅಕ್ಕಿ ಗಿರಣಿಯವರೊಬ್ಬರು ಈ ಲೆಕ್ಕ ಎಲ್ಲ ಕೇಳಿ ಹೇಳಿದ್ದು ಇಷ್ಟು: "ಅದೆಲ್ಲ ಸರಿ ಸಾರ್. ಒಂದೇ ಇಂಜಿನ್ನು ಅಂತೀರಲ್ಲ, ಅದು ನಿಂತೋದ್ರೆ ಏನ್ ಗತಿ? ನಮ್ಮನೆಯವ್ರು ಹತ್ತಾಕಿಲ್ಲ."

"ಗೌಡ್ರೇ, ನಿಂತರೂ ಕಲ್ಲಿನ ಹಾಗೆ ಬೀಳಲ್ಲ, ಜಾರಿಕೊಂಡು ಹೋಗುತ್ತೆ. ಇಪ್ಪತ್ನಾಲ್ಕು ಸಾವಿರ ಅಡಿಯಿಂದ ಗಾಳಿ ಇಲ್ಲದ ದಿನ ನೂರು ಕಿಲೋಮೀಟರ್ ಹತ್ತಿರ ಹೋಗುತ್ತೆ" ಅಂದೆ. ಅವರು ನಕ್ಕರು. ಒಪ್ಪಲಿಲ್ಲ.

ಈ ಭಯವನ್ನು ತಳ್ಳಿಹಾಕಬೇಡಿ. ಅದು ಮಾರಾಟಕ್ಕೂ ಅಡ್ಡ, ಕಾನೂನಿಗೂ ಸಂಬಂಧಪಟ್ಟಿದ್ದು. ಒಂದೇ ಎಂಜಿನ್ನಿನ ಟರ್ಬೊಪ್ರಾಪ್‌ನಲ್ಲಿ ರಾತ್ರಿ, ಮೋಡದೊಳಗೆ ಬಾಡಿಗೆ ಪ್ರಯಾಣಿಕರನ್ನು ಒಯ್ಯಲು ಯುರೋಪ್ ಒಟ್ಟಾರೆಯಾಗಿ ಒಪ್ಪಿದ್ದೇ 2017ರಲ್ಲಿ. ಇಲ್ಲಿ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಏನೇನು ಷರತ್ತು ಹಾಕುತ್ತದೆ ಅನ್ನುವುದನ್ನು ಮುಂಗಡ ಕೊಡುವ ಮೊದಲೇ ಲಿಖಿತವಾಗಿ ಕೇಳಿ ತೆಗೆದುಕೊಳ್ಳಿ. ಪಶ್ಚಿಮ ಘಟ್ಟದ ಮೇಲೆ ಆಗಸ್ಟ್‌ನಲ್ಲಿ ಮೋಡದೊಳಗೆ ಹೋಗಲು ಅನುಮತಿ ಇಲ್ಲದ ವಿಮಾನ ನಮಗೆ ಅರ್ಧ ವರ್ಷದ ವಿಮಾನ.

ನನ್ನ ಅಭಿಪ್ರಾಯ ಕೇಳಿದರೆ: ಆ ಅನುಮತಿ ಸಿಗುವುದಾದರೆ ಪಿಸಿ-12. ಸಿಗದಿದ್ದರೆ, ಅಥವಾ ಪಾಲುದಾರರಲ್ಲಿ ಅರ್ಧ ಜನ ಗೌಡರ ಹಾಗೆ ಯೋಚಿಸುವವರಾದರೆ, ಕಿಂಗ್ ಏರ್ 360. ಎರಡನ್ನೂ ಒಟ್ಟಿಗೆ ಮಾತ್ರ ಬೇಡ.

ಹೆಜ್ಜೆ 4: ಒಂದೇ ಮಾದರಿ

ಎರಡು ಮಾದರಿ ಅಂದರೆ ಎರಡು ಗುಂಪು ಪೈಲಟ್‌ಗಳು. ಪಿಸಿ-12 ಹಾರಿಸುವವರು ಆ ತರಬೇತಿ ಪಡೆಯದೆ ಕಿಂಗ್ ಏರ್ ಮುಟ್ಟುವಂತಿಲ್ಲ. ಸಿಮ್ಯುಲೇಟರ್ ತರಬೇತಿಗೆ ಹೆಚ್ಚಾಗಿ ಹೊರದೇಶಕ್ಕೇ ಕಳಿಸಬೇಕು, ಅದೂ ಮತ್ತೆ ಮತ್ತೆ. ಎಂಜಿನಿಯರ್ ಲೈಸೆನ್ಸ್ ಬೇರೆ, ಬಿಡಿಭಾಗದ ದಾಸ್ತಾನು ಬೇರೆ, ಕೈಪಿಡಿ ಬೇರೆ. ಮೂರು ಪಿಸಿ-12, ಒಂದು ಫೆನಮ್ ಇದ್ದು, ಒಂದು ದಿನ ಆ ಫೆನಮ್ ಕೆಟ್ಟಿತು ಅಂದುಕೊಳ್ಳಿ. ಜೆಟ್ ಪಾಲುದಾರರಿಗೆ ನೀವು ಕೊಟ್ಟ ಮಾತು ಉಳಿಸಿಕೊಳ್ಳಲು ಹೊರಗಿನಿಂದ ಜೆಟ್ ಬಾಡಿಗೆಗೆ ತರಬೇಕು. ಒಂಟಿ ವಿಮಾನ ಯಾವ ಮಾದರಿಯಾದರೂ ನಷ್ಟದ ಬಾಬತ್ತೇ.

ನೆಟ್‌ಜೆಟ್ಸ್‌ನಲ್ಲಿ ಹಲವು ಮಾದರಿ ಇವೆಯಲ್ಲ ಅಂತ ಕೇಳಬಹುದು. ಅವರ ಹತ್ತಿರ ನೂರಾರು ವಿಮಾನ ಇವೆ. ನಮ್ಮ ಅಳತೆಗೆ ಹತ್ತಿರ ಬರುವ ಉದಾಹರಣೆ ಅಮೆರಿಕದ್ದೇ ಪ್ಲೇನ್‌ಸೆನ್ಸ್. 1995ರಿಂದ ಪಿಸಿ-12 ನಂಬಿಕೊಂಡು ಬೆಳೆದ ಕಂಪನಿ. ಜೆಟ್ ಕಡೆಗೆ ಹೋದಾಗಲೂ ಅದೇ ಪಿಲಾಟಸ್ ತಯಾರಿಸಿದ ಪಿಸಿ-24 ತೆಗೆದುಕೊಂಡರು. ಆ ಮಾದರಿಯ ಮೊದಲ ವಿಮಾನವೇ 2018ರಲ್ಲಿ ಅವರ ಕೈ ಸೇರಿತು.

ಆದರೆ ಒಂದೇ ಮಾದರಿ ಅಂದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಅಮೆರಿಕದ ಇನ್ನೊಂದು ಪಾಲು ಮಾಲೀಕತ್ವದ ಕಂಪನಿ ಅವಂಟೇರ್ ಕೂಡ ಒಂದೇ ಮಾದರಿ ನಂಬಿಕೊಂಡಿತ್ತು. ಅದು ಇಟಲಿಯ ಪಿಯಾಜಿಯೊ ಅವಾಂತಿ, ನೋಡಲು ಬಹಳ ಚೆಂದ. ಪ್ರೊಪೆಲ್ಲರ್ ಹಿಂದೆ, ಮೂತಿಯಲ್ಲಿ ಪುಟ್ಟ ರೆಕ್ಕೆ. ಜಗತ್ತಿನಲ್ಲಿ ಇದ್ದದ್ದೇ ಕೆಲವು, ಬಿಡಿಭಾಗಕ್ಕೂ ರಿಪೇರಿಗೂ ಆಯ್ಕೆ ಕಡಿಮೆ. 2013ರಲ್ಲಿ ಕಂಪನಿ ನಿಂತೇ ಹೋಯಿತು. ಒಂದು ವಿಮಾನದ ಬಿಡಿಭಾಗ ಇನ್ನೊಂದರಲ್ಲಿ ಸೇರಿಕೊಂಡಿದ್ದರಿಂದ, ದುಡ್ಡು ಹಾಕಿದ್ದ ಪಾಲುದಾರರಿಗೆ ತಮ್ಮ ವಿಮಾನ ಯಾವುದು ಅಂತ ಬಿಡಿಸಿಕೊಳ್ಳುವುದೇ ದೊಡ್ಡ ತಲೆನೋವಾಯಿತು. ಆರಿಸುವ ಮಾದರಿ ಜಗತ್ತಿನಲ್ಲಿ ಸಾವಿರ ಲೆಕ್ಕದಲ್ಲಿ ಹಾರುತ್ತಿರಬೇಕು, ಇನ್ನೂ ತಯಾರಾಗುತ್ತಿರಬೇಕು. ಪಿಸಿ-12 ಮತ್ತು ಕಿಂಗ್ ಏರ್ ಎರಡೂ ಇದಕ್ಕೆ ಸರಿಹೊಂದುತ್ತವೆ.

ಹೆಜ್ಜೆ 5: ಎಷ್ಟು ವಿಮಾನ?

ಮೂರು ವಿಮಾನದ ಪಾಲು ಮಾರಿದ್ದೀರಿ ಅಂದುಕೊಳ್ಳೋಣ. 48 ಪಾಲು, ತಲಾ 50 ಗಂಟೆ, ಒಟ್ಟು 2,400 ಗಂಟೆ. ಖಾಲಿ ಹಾರಾಟಕ್ಕೆ ಅದರ ಮೇಲೆ 35% ಇಟ್ಟುಕೊಂಡರೆ 3,240 ಗಂಟೆ. ಮೂರರಲ್ಲಿ ಹಂಚಿದರೆ ಒಂದೊಂದಕ್ಕೂ ವರ್ಷಕ್ಕೆ 1,080 ಗಂಟೆ. ಕಾಗದದಲ್ಲಿ ಸಾಧ್ಯ. ಆದರೆ ತಪಾಸಣೆ, ರಿಪೇರಿ, ಬಿಡಿಭಾಗ ಬರಲಿಲ್ಲ ಅಂತ ನಿಂತ ದಿನ ಎಲ್ಲ ಸೇರಿ ಐದರಲ್ಲಿ ಒಂದು ದಿನ ವಿಮಾನ ಇಲ್ಲ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಮೂರರಲ್ಲಿ ಸಿಗುವುದು ಸರಾಸರಿ ಎರಡು ಚಿಲ್ಲರೆ. ಹಾಗಾಗಿ ಪಾಲು ಮಾರದೆ ಕಂಪನಿಯೇ ಇಟ್ಟುಕೊಳ್ಳುವ ನಾಲ್ಕನೇ ವಿಮಾನ ಬೇಕು. ಅದರ ಬಂಡವಾಳವನ್ನು ಮೊದಲ ದಿನದ ಲೆಕ್ಕದಲ್ಲೇ ಬರೆಯಿರಿ. "ಲಾಭ ಬಂದ ಮೇಲೆ ತರೋಣ" ಅಂದರೆ ಆ ಲಾಭ ಬರುವುದೇ ಇಲ್ಲ.

ಸರಾಸರಿ ಲೆಕ್ಕಕ್ಕಿಂತ ದೊಡ್ಡ ತೊಂದರೆ ಎಲ್ಲರೂ ಒಂದೇ ದಿನ ಕೇಳುವುದು. ವಿಶ್ವೇಶ್ವರಯ್ಯ ನಾಲೆಯ ನೀರು ವರ್ಷದ ಲೆಕ್ಕದಲ್ಲಿ ಎಲ್ಲರಿಗೂ ಸಾಕಾಗುತ್ತದೆ, ನಾಟಿ ವಾರದಲ್ಲಿ ಮಾತ್ರ ತೂಬಿನ ಹತ್ತಿರ ಜಗಳ. ಇಲ್ಲೂ ಅಷ್ಟೇ. ಆಷಾಢದಲ್ಲಿ ಮದುವೆಯಿಲ್ಲ, ವಿಮಾನ ಸುಮ್ನೆ ನಿಂತಿರುತ್ತವೆ. ಒಳ್ಳೆಯ ಮುಹೂರ್ತದ ದಿನ, ದಸರಾ ರಜೆಯ ಮೊದಲ ದಿನ, ವರ್ಷದ ಕೊನೆಯ ವಾರ ಬಂದರೆ 48 ಪಾಲಿನವರಲ್ಲಿ ಆರೇಳು ಜನ ಒಂದೇ ಬೆಳಿಗ್ಗೆ ಫೋನ್ ಮಾಡುತ್ತಾರೆ.

ಇದಕ್ಕೆ ಇನ್ನಷ್ಟು ವಿಮಾನ ಕೊಳ್ಳುವುದು ಪರಿಹಾರ ಅಲ್ಲ. ಪಂಚಾಂಗ ಹಿಡಿದುಕೊಂಡು ವರ್ಷದ ಗದ್ದಲದ ದಿನಗಳ ಪಟ್ಟಿ ಮಾಡಿ, ಕರಾರಿಗೆ ಸೇರಿಸಿ. ಆ ದಿನಗಳಲ್ಲಿ ಮುಂಚಿತವಾಗಿ ತಿಳಿಸುವ ಅವಧಿ ಜಾಸ್ತಿ, ಹೊರಡುವ ಹೊತ್ತನ್ನು ಎರಡು ಮೂರು ಗಂಟೆ ಹಿಂದೆ ಮುಂದೆ ಮಾಡುವ ಹಕ್ಕು ಕಂಪನಿಗೆ. ಜೊತೆಗೆ ಬೆಂಗಳೂರಿನ ಬಾಡಿಗೆ ವಿಮಾನದ ಕಂಪನಿಗಳ ಜೊತೆ ಮೊದಲೇ ದರ ಮಾತಾಡಿಟ್ಟುಕೊಳ್ಳಿ. ಮುಹೂರ್ತದ ದಿನ ಬೆಳಿಗ್ಗೆ ದರ ಕೇಳಿದರೆ ಅವರು ಹೇಳಿದ್ದೇ ದರ.

ಹೆಜ್ಜೆ 6: ಹೊಸದಾ, ಹಳೆಯದಾ?

ಪಾಲಿನ ವಿಮಾನ ಒಬ್ಬರ ಸ್ವಂತ ವಿಮಾನಕ್ಕಿಂತ ಮೂರು ನಾಲ್ಕು ಪಟ್ಟು ಜಾಸ್ತಿ ಓಡುತ್ತದೆ. ಎಂಜಿನ್ ಬಿಚ್ಚುವ ದಿನ ಬೇಗ ಬರುತ್ತದೆ. ಪಿಸಿ-12ರ ಎನ್‌ಜಿಎಕ್ಸ್ ರೂಪದ ಎಂಜಿನ್‌ಗೆ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಸರಿಮಾಡುವ ಅವಧಿ 5,000 ಗಂಟೆ. ನಾಲ್ಕು ವಿಮಾನದಲ್ಲಿ ಹಂಚಿ ವರ್ಷಕ್ಕೆ 810 ಗಂಟೆಯಂತೆ ಹಾರಿದರೆ ಆರು ವರ್ಷ ದಾಟುತ್ತದೆ, ಅಂದರೆ 5 ವರ್ಷದ ಕರಾರಿನ ಆಚೆ. ಕಿಂಗ್ ಏರ್ 350ರ ಎಂಜಿನ್‌ಗೆ 3,600 ಗಂಟೆ. ಅದೇ ಓಟಕ್ಕೆ ನಾಲ್ಕೂವರೆ ವರ್ಷದಲ್ಲಿ ಎರಡೂ ಎಂಜಿನ್ ಒಟ್ಟಿಗೆ ಖರ್ಚಿಗೆ ಬರುತ್ತವೆ, ಪಾಲು ವಾಪಸ್ ಕೊಳ್ಳುವ ಸಮಯಕ್ಕೆ ಸರಿಯಾಗಿ. ಎಂಜಿನ್ ತಯಾರಕರ ಜೊತೆ ಗಂಟೆ ಲೆಕ್ಕದ ಕರಾರು ಮಾಡಿಕೊಂಡರೆ ಈ ಪೆಟ್ಟು ತಿಂಗಳ ಕಂತಾಗಿ ಹರಡುತ್ತದೆ. ಮಾಡಿಕೊಳ್ಳಿ. ಹಳೆಯ ವಿಮಾನ ಕೊಳ್ಳುವವರಿಗೂ ಇದೇ ಮಾತು, ಆ ಕರಾರಿನಲ್ಲಿ ಇಲ್ಲದ ಎಂಜಿನ್ ಇರುವ ವಿಮಾನ ಎಷ್ಟೇ ಅಗ್ಗಕ್ಕೆ ಬಂದರೂ ಬಿಟ್ಟುಬಿಡಿ.

ನಾಲ್ಕೂ ವಿಮಾನ ಒಂದೇ ವರ್ಷದ ಆಸುಪಾಸಿನವು, ಒಂದೇ ಥರದ ಕಾಕ್‌ಪಿಟ್‌ನವು ಆಗಿರಲಿ. 2008ರ ಪಿಸಿ-12ಗೂ 2020ರ ಪಿಸಿ-12ಗೂ ಹೆಸರು ಒಂದೇ, ಪೈಲಟ್ ಮುಂದಿನ ಪರದೆ ಒಂದೇ ಅಲ್ಲ. 2021ರ ಜುಲೈ 1ರ ನಂತರ ಇಲ್ಲಿ ನೋಂದಣಿಯಾಗುವ ವಿಮಾನಗಳಿಗೆ ಗಗನ್ ಎಂಬ, ದಾರಿ ತೋರಿಸುವ ಉಪಗ್ರಹ ವ್ಯವಸ್ಥೆಯ ಉಪಕರಣ ಬೇಕು ಅನ್ನುವ ನಿಯಮವೂ ಇದೆ. ಹಳೆಯದಕ್ಕೆ ಅದನ್ನು ಕೂರಿಸುವ ಖರ್ಚು ಕೇಳಿಕೊಳ್ಳಿ.

ಹೆಜ್ಜೆ 7: ಒಳಗೆ ಹತ್ತಿ ನೋಡಿ

ಪ್ರದರ್ಶನ ಹಾರಾಟಕ್ಕೆ ಕಂಪನಿಯ ನಿರ್ದೇಶಕರು ಮಾತ್ರ ಹೋಗಬೇಡಿ. ಮೊಣಕಾಲು ನೋವಿರುವ ಒಬ್ಬ ಅಜ್ಜಿಯನ್ನು ಕರೆದುಕೊಂಡು ಹೋಗಿ. ಈ ವಿಮಾನಗಳ ಮೆಟ್ಟಿಲು ಕಿರಿದು, ಕಡಿದು. ಒಂದು ಕಡೆ ಹಿಡಿಯಲು ತೆಳು ಕಂಬಿ ಇರುತ್ತದೆ, ಸೀರೆ ಎತ್ತಿಕೊಂಡು ಹತ್ತುವವರಿಗೆ ಇನ್ನೊಂದು ಕೈ ಖಾಲಿ ಇರುವುದಿಲ್ಲ. ಒಳಗೆ ತಲೆ ಬಗ್ಗಿಸಿಯೇ ನಡೆಯಬೇಕು. ಶೌಚಾಲಯ ಎಲ್ಲಿದೆ, ಅದಕ್ಕೆ ಗಟ್ಟಿ ಬಾಗಿಲಿದೆಯಾ ಇಲ್ಲ ಮಡಚುವ ತಡಿಕೆಯಾ ಅಂತ ಹೆಂಗಸರನ್ನು ಕೇಳಿ. ದೆಹಲಿಯ ನಾಲ್ಕು ಗಂಟೆ ಪ್ರಯಾಣದಲ್ಲಿ ಇದೊಂದೇ ವಿಷಯ ಮುಂದಿನ ಪಾಲು ಮಾರುತ್ತದೆ ಅಥವಾ ಕೆಡಿಸುತ್ತದೆ.

ಪಿಸಿ-12ರ ಹಿಂದಿನ ಬಾಗಿಲ ಬೆಲೆ ಇಲ್ಲಿ ಗೊತ್ತಾಗುತ್ತದೆ. ಗಾಲಿ ಕುರ್ಚಿ, ಸ್ಟ್ರೆಚರ್, ಮದುವೆಯ ದೊಡ್ಡ ಟ್ರಂಕು, ಯಂತ್ರದ ಬಿಡಿಭಾಗದ ಪೆಟ್ಟಿಗೆ ಎಲ್ಲ ನೇರ ಒಳಗೆ ಹೋಗುತ್ತವೆ. ಟ್ಯಾಂಕ್ ಪೂರ್ತಿ ತುಂಬಿಸಿದರೆ ಮಾತ್ರ ಐದಾರು ಜನಕ್ಕಿಂತ ಹೆಚ್ಚು ಹತ್ತಿಸಲು ತೂಕ ಉಳಿಯುವುದಿಲ್ಲ. ಮುಂಬೈಗೆ ಪೂರ್ತಿ ತುಂಬಿಸುವ ಅಗತ್ಯವೂ ಇಲ್ಲ.

ಹೆಜ್ಜೆ 8: ಕಾಗದ ಪತ್ರ

ಕಂಪನಿಗೆ ನಿಗದಿತ ವೇಳಾಪಟ್ಟಿಯಿಲ್ಲದ ಹಾರಾಟದ ಪರ್ಮಿಟ್, ಅಂದರೆ ಎನ್‌ಎಸ್‌ಒಪಿ ಬೇಕು. ಪಾಲು ಮಾಲೀಕತ್ವಕ್ಕೆ ಡಿಜಿಸಿಎಯ ಮಾರ್ಗಸೂಚಿ ಇದೆ, ಅದರ ಪ್ರಕಾರವೇ ಕರಾರು ಬರೆಸಿ. ತೆರಿಗೆಯಲ್ಲಿ ಒಂದು ಮುಖ್ಯ ವಿಷಯ: ಸ್ವಂತ ಬಳಕೆಯ ವಿಮಾನಕ್ಕೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ 40%. ಪರ್ಮಿಟ್ ಅಡಿಯಲ್ಲಿ ವಾಣಿಜ್ಯ ಹಾರಾಟಕ್ಕೆ ತರುವ ವಿಮಾನದ ದರ ಬೇರೆ. ಯಾವುದರಡಿ ತರುತ್ತೀರಿ ಅನ್ನುವುದು ವಿಮಾನದ ಬೆಲೆಯನ್ನೇ ಬದಲಿಸುತ್ತದೆ, ಹಾಗಾಗಿ ಲೆಕ್ಕಪರಿಶೋಧಕರು ಕೊನೆಗಲ್ಲ, ಮೊದಲೇ ಬರಲಿ. ವಿಮಾನ ಇಂಧನ ಜಿಎಸ್‌ಟಿಯ ಹೊರಗಿದೆ. ರಾಜ್ಯದಿಂದ ರಾಜ್ಯಕ್ಕೆ ಮಾರಾಟ ತೆರಿಗೆ ಬೇರೆಯಾಗುವುದರಿಂದ ಎಲ್ಲಿ ತುಂಬಿಸಬೇಕು ಅನ್ನುವುದೂ ಒಂದು ಲೆಕ್ಕ.

ವಿಮಾನ ಒಬ್ಬ ಪೈಲಟ್ ಹಾರಿಸಬಹುದಾದದ್ದೇ ಇರಲಿ, ಇಬ್ಬರನ್ನು ಕೂರಿಸಿ. ಇದರಲ್ಲಿ ಚೌಕಾಸಿ ಬೇಡ.

ಹೆಜ್ಜೆ 9: ಆರ್ಡರ್ ಕೊಡುವಾಗ

ತಯಾರಕರಿಂದ ಕರಪತ್ರದ ಬದಲು ಲೆಕ್ಕದ ಹಾಳೆ ಕೇಳಿ. ಮೈಸೂರು, 2,350 ಅಡಿ, 35 ಡಿಗ್ರಿ, ಆರು ಜನ, ಮುಂಬೈಗೆ ಬೇಕಾದ ಇಂಧನ ಮತ್ತು ಮೀಸಲು, ಗಾಳಿ ಇಲ್ಲ: ಏರಲು ಎಷ್ಟು ಮೀಟರ್? ಒದ್ದೆ ರನ್‌ವೇಯಲ್ಲಿ ಅದೇ ತೂಕಕ್ಕೆ ಇಳಿಯಲು ಎಷ್ಟು? ಇದೇ ಹಾಳೆಯನ್ನು ನಿಮ್ಮ ಪ್ರಯಾಣದ ಪಟ್ಟಿಯಲ್ಲಿರುವ ಅತಿ ಚಿಕ್ಕ ರನ್‌ವೇಗೂ ಮಾಡಿಸಿ. ಲಕ್ಷದ್ವೀಪಕ್ಕೆ ಹೋಗುವವರಿದ್ದರೆ ಅಗತ್ತಿ ಸುಮಾರು 1,200 ಮೀಟರ್ ಅಷ್ಟೇ. ಹಾಳೆಯ ಕೆಳಗೆ ತಯಾರಕರ ಸಹಿ ಇರಲಿ.

ಎರಡು ವಿಮಾನಕ್ಕೆ ಖಚಿತ ಆರ್ಡರ್ ಕೊಡಿ, ಇನ್ನೆರಡಕ್ಕೆ ಬೆಲೆ ಮತ್ತು ತಿಂಗಳು ನಮೂದಿಸಿದ ಆಯ್ಕೆ ಇಟ್ಟುಕೊಳ್ಳಿ. ಹೊಸ ವಿಮಾನ ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕಾಗಬಹುದು. ಪಾಲು ಮಾರಿದ ದುಡ್ಡು ಅಷ್ಟು ದಿನ ಎಲ್ಲಿರುತ್ತದೆ ಅನ್ನುವುದನ್ನು ಪಾಲುದಾರರಿಗೆ ಬರವಣಿಗೆಯಲ್ಲಿ ಕೊಡಿ. ಪ್ರತ್ಯೇಕ ಖಾತೆಯಲ್ಲಿ ಇಡುವುದೇ ಸರಿ.

ಜೆಟ್ ಯಾವಾಗ? ಆರು ತಿಂಗಳಿಗೊಮ್ಮೆ ಹಾರಾಟದ ದಾಖಲೆ ತೆಗೆದು ಎಣಿಸಿ. ದೆಹಲಿ, ಅಹಮದಾಬಾದ್‌ನಂಥ ದೂರದ ಪ್ರಯಾಣಗಳು ಒಟ್ಟು ಗಂಟೆಗಳಲ್ಲಿ ಮೂರನೇ ಒಂದು ಭಾಗ ದಾಟಿದರೆ, ಮತ್ತು ಎರಡು ಜೆಟ್‌ಗೆ ಸಾಲುವಷ್ಟು ಪಾಲು ಮುಂಗಡ ಕಾಯ್ದಿರಿಸಿದ್ದರೆ, ಆಗ ಮಾತಾಡಿ. ಒಂದು ಜೆಟ್ ತರಬೇಡಿ, ತಂದರೆ ಎರಡು ತನ್ನಿ. ಅಲ್ಲಿಯವರೆಗೆ ದೆಹಲಿಗೆ ಬೇಗ ಹೋಗಬೇಕು ಅನ್ನುವವರಿಗೆ ಬಾಡಿಗೆ ಜೆಟ್ ಕೊಡಿಸಿ, ಅವರ ಪಾಲಿನ ಗಂಟೆಗಳಲ್ಲಿ ಎರಡು ಅಥವಾ ಮೂರು ಪಟ್ಟು ಕಳೆದುಕೊಳ್ಳುವ ದರವನ್ನು ಕರಾರಿನಲ್ಲೇ ಬರೆದಿಡಿ.